ಲೇತ್ ಮುಂದೆ ನಿಂತಾಗ ಕಣ್ಣು ಜೋಕೆ

ಮನೆಯಲ್ಲೇ ಪುಟ್ಟ ಲೇತ್ ಇಟ್ಟುಕೊಂಡು ಕೆಲಸ ಮಾಡುವ ಹವ್ಯಾಸ ನಿಮಗಿದೆಯೇ? ಹಾಗಾದರೆ ಕಣ್ಣಿನ ಬಗ್ಗೆ ಎಚ್ಚರವಿರಲಿ. ಟರ್ನಿಂಗ್ ಮಾಡುವಾಗ, ಟೂಲ್ ಸಾಣೆ ಹಿಡಿಯುವಾಗ ಸಿಡಿದ ಕಬ್ಬಿಣದ ಚೂರು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದಲ್ಲಿ ನಾಟಿದರೆ, ಕೆಲವೇ ಗಂಟೆಗಳಲ್ಲಿ ಸುತ್ತ ತುಕ್ಕು ಕಟ್ಟತೊಡಗುತ್ತದೆ. ಕಣ್ಣು ಉಜ್ಜಬೇಡಿ, ಸೂಜಿ, ಅಯಸ್ಕಾಂತಗಳ ಪ್ರಯೋಗ ಬೇಡ. ಶುದ್ಧ ನೀರಿನಿಂದ ತೊಳೆಯಿರಿ. ಆಮೇಲೂ ಚುಚ್ಚುತ್ತಿದ್ದರೆ ಅಂದೇ ನೇತ್ರತಜ್ಞರನ್ನು ಕಾಣಿ.

ರಭಸದಿಂದ ಬಡಿದ ಚೂರು ಕಣ್ಣಿನೊಳಗೇ ಹೊಕ್ಕಿದ್ದರೆ ನೋವು ಕಡಿಮೆಯಿರಬಹುದು, ಅಪಾಯ ಹೆಚ್ಚು. ಒಳಗುಳಿದ ಕಬ್ಬಿಣ ಕ್ರಮೇಣ ಅಕ್ಷಿಪಟಲವನ್ನೇ ಕೆಡಿಸಬಲ್ಲದು. ಇಂಥ ಅನುಮಾನವಿದ್ದರೆ ತೊಳೆಯಬೇಡಿ, ಒತ್ತಬೇಡಿ. ಕಾಗದದ ಲೋಟವನ್ನು ಕಣ್ಣಿಗೆ ತಾಗದಂತೆ ಮುಚ್ಚಿ ಕೂಡಲೇ ಆಸ್ಪತ್ರೆಗೆ ಹೋಗಿ.

ಮಾಮೂಲಿ ಕನ್ನಡಕ ಸಾಲದು. ಪಕ್ಕಗಳನ್ನೂ ಮುಚ್ಚುವ ಪಾಲಿಕಾರ್ಬೊನೇಟ್ ಕನ್ನಡಕ ಧರಿಸಿ. ಚಕ್ ಮುಂದೆ ಪಾಲಿಕಾರ್ಬೊನೇಟ್ ಹಾಳೆಯ ತಡೆ ಕೂರಿಸುವುದೇ ನಿಮ್ಮ ಲೇತ್‌ಗೆ ಮಾಡುವ ಮೊದಲ ಸುಧಾರಣೆಯಾಗಲಿ.