ಕೆಸರು ದಾರಿಯ ಬೈಕಿಗೆ ಹೊಸ ಬ್ರೇಕ್ ಪ್ಯಾಡ್

ಮಳೆಗಾಲದಲ್ಲಿ ಸಕಲೇಶಪುರದ ಕಾಡುದಾರಿ ಸುತ್ತಿಬಂದ ಬೈಕನ್ನು ತೊಳೆದರೆ ಸಂದುಗೊಂದುಗಳಿಂದ ರಾಶಿ ಕೆಸರು ಇಳಿಯುತ್ತದೆ. ಆ ಕೆಸರೇ ದಾರಿಯುದ್ದಕ್ಕೂ ಡಿಸ್ಕಿಗೂ ಬ್ರೇಕ್ ಪ್ಯಾಡಿಗೂ ನಡುವೆ ಉಪ್ಪುಕಾಗದದ ಕೆಲಸ ಮಾಡಿರುತ್ತದೆ. ಟಾರು ರಸ್ತೆಯಲ್ಲಿ ಸಾವಿರಾರು ಕಿಲೋಮೀಟರ್ ಬಾಳುವ ಪ್ಯಾಡು ಮರಳು ಬೆರೆತ ಕೆಸರಿನಲ್ಲಿ ಒಂದೇ ದಿನದಲ್ಲಿ ಸವೆದುಹೋಗುವುದುಂಟು.

ಬೆಂಗಳೂರಿನ ಬೈಕ್ ಸವಾರ ಸಿ.ಎಸ್. ಸಂತೋಷ್ 2015ರಲ್ಲಿ ಮಣ್ಣು, ಮರಳಿನ ದಾರಿಯ ಡಾಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯರಾದರು. ಹೀರೊ ಎಕ್ಸ್‌ಪಲ್ಸ್‌ನಂಥ ಬೈಕುಗಳು ಬಂದ ಮೇಲೆ ಮಣ್ಣಿನ ಸವಾರಿ ಸಾಮಾನ್ಯರ ಕೈಗೂ ಎಟುಕಿದೆ. ಹೀಗೆ ಹೊಸದಾಗಿ ಮಣ್ಣಿಗಿಳಿದವರು ಮೊದಲು ಕಲಿಯಬೇಕಾದ ಕೈಗೆಲಸ ಪ್ಯಾಡ್ ಬದಲಿಸುವುದು.

ಡ್ರಮ್ ಬ್ರೇಕ್ ಸವೆದರೆ ಪೆಡಲ್ ಆಳಕ್ಕಿಳಿದು ತಾನೇ ತಿಳಿಸುತ್ತದೆ. ಡಿಸ್ಕ್ ಬ್ರೇಕ್ ಹಾಗಲ್ಲ. ಪ್ಯಾಡು ತೆಳುವಾದಷ್ಟೂ, ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗಿನ ಪಿಸ್ಟನ್ ಮುಂದೆ ಸರಿದು ಅಂತರ ತುಂಬುತ್ತದೆ. ಲಿವರ್ ಹಿಡಿತದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಆದ್ದರಿಂದ ಪ್ರತಿ ಸವಾರಿಯ ನಂತರ ಟಾರ್ಚ್ ಹಿಡಿದು ಕಣ್ಣಾರೆ ನೋಡಲೇಬೇಕು. ಲೋಹದ ಹಿಂಬದಿಯ ಮೇಲೆ 1 ಮಿ.ಮೀ.ನಷ್ಟೇ ಪದರ ಉಳಿದಿದ್ದರೆ ಬದಲಿಸುವ ಕಾಲ ಬಂತೆಂದೇ ಅರ್ಥ. ಇನ್ನೂ ಎಳೆದರೆ ಲೋಹಕ್ಕೆ ಲೋಹ ತಾಗಿ ಡಿಸ್ಕಿನ ಮೈಮೇಲೇ ಗೀರುಬೀಳುತ್ತದೆ.

ಬಿಚ್ಚುವ ಮುನ್ನ ಕ್ಯಾಲಿಪರನ್ನು ಚೆನ್ನಾಗಿ ತೊಳೆಯಬೇಕು. ಪ್ಯಾಡ್ ಹಿಡಿದಿರುವ ಪಿನ್ನನ್ನು ಕ್ಯಾಲಿಪರ್ ಬೈಕಿನಲ್ಲಿರುವಾಗಲೇ ಸಡಿಲಿಸಿದರೆ ಕೆಲಸ ಸುಲಭ. ಹೊಸ ಪ್ಯಾಡು ದಪ್ಪವಿರುವುದರಿಂದ ಪಿಸ್ಟನ್ನನ್ನು ಒಳಕ್ಕೆ ಒತ್ತಬೇಕಾಗುತ್ತದೆ. ಅದರ ಮೈಗಂಟಿದ ಮಣ್ಣನ್ನು ಒರೆಸದೆ ಒತ್ತಿದರೆ ಮಣ್ಣು ಸೀಲಿಗೆ ನುಗ್ಗಿ ಆಯಿಲ್ ಸೋರಲು ದಾರಿಯಾಗುತ್ತದೆ. ಒತ್ತುವಾಗ ಮೇಲಿನ ಡಬ್ಬಿಯ ಬ್ರೇಕ್ ಆಯಿಲ್ ಏರುತ್ತದೆ. ಪ್ಯಾಡು ಸವೆದಾಗ ಇಳಿದಿದ್ದ ಮಟ್ಟವನ್ನು ಯಾರಾದರೂ ತುಂಬಿಸಿಟ್ಟಿದ್ದರೆ ಈಗ ಉಕ್ಕಿ ಪೇಂಟನ್ನು ತಿನ್ನುತ್ತದೆ. ಪ್ಯಾಡುಗಳು ಹೊರಗಿದ್ದಾಗ ಲಿವರ್ ಮುಟ್ಟಲೇಬಾರದು, ಪಿಸ್ಟನ್ ಹೊರಗೆ ಬಂದುಬಿಡುತ್ತದೆ.

ಕೆಸರು, ನೀರಿನ ದಾರಿಗೆ ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ ಸಿಂಟರ್ಡ್ ಪ್ಯಾಡು ಒಳ್ಳೆಯದು. ಆರ್ಗ್ಯಾನಿಕ್ ಪ್ಯಾಡು ಮೃದುವಾಗಿ ಹಿಡಿಯುತ್ತದೆ, ಆದರೆ ಕೆಸರಿನಲ್ಲಿ ಬೇಗ ಕರಗುತ್ತದೆ. ಯಾವುದೇ ಇರಲಿ, ಅದರ ಮೇಲ್ಮೈಗೆ ಗ್ರೀಸಿನ ಕೈ ತಾಗಬಾರದು.

ಜೋಡಿಸಿ ಬೋಲ್ಟುಗಳನ್ನು ಬಿಗಿದ ಮೇಲೆ, ಬೈಕು ಕದಲಿಸುವ ಮೊದಲೇ ಲಿವರನ್ನು ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಹಿಡಿದು ಬಿಡಬೇಕು. ಇದನ್ನು ಮರೆತು ಹೊರಟರೆ ಮೊದಲ ತಿರುವಿನಲ್ಲಿ ಬ್ರೇಕೇ ಇರುವುದಿಲ್ಲ. ಬಳಿಕ ಖಾಲಿ ಜಾಗದಲ್ಲಿ ಹದವಾದ ವೇಗದಿಂದ ಹಲವು ಬಾರಿ ನಿಧಾನಕ್ಕೆ ಬ್ರೇಕ್ ಹಾಕಿ ಪ್ಯಾಡನ್ನು ಡಿಸ್ಕಿಗೆ ಕೂರಿಸಬೇಕು. ಗಂಟೆಯೊಳಗೆ ಮುಗಿಯುವ ಈ ಕೆಲಸ ಗೊತ್ತಿದ್ದವರು ಗ್ಯಾರೇಜು ಸಿಗದ ಘಟ್ಟದಲ್ಲೂ ಧೈರ್ಯವಾಗಿ ಇಳಿಜಾರು ಇಳಿಯಬಲ್ಲರು.