ಕಡಲಿನ ದಿನವಹಿ ಮತ್ತು ನಮ್ಮ ಮುಂಗಾರು ವ್ಯಾಪಾರ

ಎಣ್ಣೆ ಗಿರಣಿಯವರು, ಹತ್ತಿ ಜಿನ್ನಿಂಗ್ ಕಾರ್ಖಾನೆಯವರು, ಬೀಜ-ಗೊಬ್ಬರದ ವಿತರಕರು, ಪಂಪ್‌ಸೆಟ್ ತಯಾರಕರು ಇವರೆಲ್ಲರೂ ಮಳೆ ಬೀಳುವ ಮೊದಲೇ ಬಂಡವಾಳ ತೊಡಗಿಸಬೇಕಾದವರು. 2002ರಲ್ಲಿ ಮುಂಗಾರು ಸಾಮಾನ್ಯವಾಗಿರುವುದೆಂದು ಹವಾಮಾನ ಇಲಾಖೆ ತಿಳಿಸಿತ್ತು. ಆದರೆ ಜುಲೈನಲ್ಲಿ ದೇಶಕ್ಕೆ ವಾಡಿಕೆಯ ಸುಮಾರು ಅರ್ಧದಷ್ಟು ಮಳೆ ಮಾತ್ರ ಬಿತ್ತು. ಋತುವಿನ ಒಟ್ಟು ಕೊರತೆ ಶೇಕಡ 19ರಷ್ಟಾಯಿತು. ಗ್ರಾಮಾಂತರ ಪೇಟೆಗಳಲ್ಲಿ ಉದ್ರಿ ಕೊಟ್ಟವರಿಗೆ ಇಂತಹ ವರ್ಷಗಳ ಅರ್ಥವನ್ನು ವಿವರಿಸಬೇಕಾಗಿಲ್ಲ.

ಮಳೆಯ ಮುನ್ಸೂಚನೆಗೆ ಬೇಕಾದ ಮೂಲ ಲೆಕ್ಕವು ನಮ್ಮ ಆಕಾಶದಲ್ಲಿ ಮಾತ್ರವಲ್ಲ, ಸಮಭಾಜಕ ವೃತ್ತದ ಸಮೀಪದ ಸಾಗರಗಳಲ್ಲಿಯೂ ಇದೆ. ಈ ಲೆಕ್ಕವನ್ನು ಬರೆದಿಡುವ ಕೆಲಸ ಆರಂಭವಾದುದೇ ಒಂದು ದೊಡ್ಡ ವೈಫಲ್ಯದಿಂದ. 1982-83ರಲ್ಲಿ ಪೆಸಿಫಿಕ್ ಸಾಗರದಲ್ಲಿ ತೀವ್ರ ಎಲ್ ನಿನೋ ತಲೆದೋರಿದಾಗ, ಅದು ಬಹುಮಟ್ಟಿಗೆ ಬಲಿಯುವವರೆಗೂ ವಿಜ್ಞಾನಿಗಳಿಗೆ ತಿಳಿದಿರಲಿಲ್ಲ. ಮೆಕ್ಸಿಕೋದ ಎಲ್ ಚಿಚೋನ್ ಜ್ವಾಲಾಮುಖಿಯ ಧೂಳು ಮೇಲಿನ ವಾಯುಮಂಡಲವನ್ನು ಆವರಿಸಿ, ಉಪಗ್ರಹಗಳು ಅಳೆಯುತ್ತಿದ್ದ ಕಡಲಿನ ಉಷ್ಣಾಂಶವನ್ನೇ ತಪ್ಪಾಗಿ ತೋರಿಸಿತ್ತು. ನೀರಿಗಿಳಿದು ಅಳೆಯದೆ ಬೇರೆ ದಾರಿಯಿಲ್ಲವೆಂಬುದು ಆಗ ಮನವರಿಕೆಯಾಯಿತು.

ಹೀಗೆ 1985ರಿಂದ 1994ರವರೆಗಿನ ಅಂತಾರಾಷ್ಟ್ರೀಯ ಯೋಜನೆಯೊಂದರಲ್ಲಿ, ನಾವಿಕರು ‘ಬಾಯ್’ ಎಂದು ಕರೆಯುವ ಸುಮಾರು 70 ತೇಲುಯಂತ್ರಗಳ ‘ಟಾವೊ’ ಜಾಲ ಪೆಸಿಫಿಕ್‌ನಲ್ಲಿ ಸಿದ್ಧವಾಯಿತು. ಇದರ ರಚನೆ ನಮ್ಮ ಉದ್ದಿಮೆದಾರರಿಗೆ ಮೆಚ್ಚುಗೆಯಾಗುವಂತಹದು. ಮೇಲೆ ಫೈಬರ್‌ಗ್ಲಾಸ್ ಹೊದಿಸಿದ ದುಂಡನೆಯ ತೇಲುವ ಭಾಗ. ಕೆಳಗೆ ಉಕ್ಕಿನ ತಂತಿಹಗ್ಗ, ಅದರ ಕೆಳಗೆ ನೈಲಾನ್ ಹಗ್ಗ. ಸಾಗರತಳದಲ್ಲಿ ಲಂಗರಾಗಿ ಗುಜರಿಗೆ ಹೋಗಬೇಕಾಗಿದ್ದ ರೈಲುಗಾಲಿಗಳು! ಗಾಳಿ, ತೇವಾಂಶ ಹಾಗೂ 500 ಮೀಟರ್ ಆಳದವರೆಗಿನ ನೀರಿನ ಉಷ್ಣಾಂಶವನ್ನು ಅಳೆದು ಅದು ಉಪಗ್ರಹದ ಮೂಲಕ ದಡಕ್ಕೆ ಕಳುಹಿಸುತ್ತದೆ. 1997-98ರ ಎಲ್ ನಿನೋ ಮೊಳೆಯುವುದನ್ನು ಈ ಜಾಲ ದಿನದಿನವೂ ದಾಖಲಿಸಿತು.

ಆದರೆ ಯಂತ್ರ ಕೊಳ್ಳಲು ಸಿಗುವ ಹಣ ಅದರ ನಿರ್ವಹಣೆಗೆ ಸಿಗುವುದಿಲ್ಲ. ಉಪ್ಪುನೀರಿನಲ್ಲಿರುವ ಈ ಉಪಕರಣಗಳನ್ನು ವರ್ಷಕ್ಕೊಮ್ಮೆಯಾದರೂ ಹಡಗಿನಲ್ಲಿ ಹೋಗಿ ಬದಲಾಯಿಸಬೇಕು. 2012ರಲ್ಲಿ ಅಮೆರಿಕವು ವೆಚ್ಚ ಕಡಿತಕ್ಕಾಗಿ ಈ ಕೆಲಸದ ಹಡಗನ್ನೇ ನಿವೃತ್ತಿಗೊಳಿಸಿತು. 2014ರ ಆರಂಭದ ವೇಳೆಗೆ ಅಮೆರಿಕದ ಹೊಣೆಯಲ್ಲಿದ್ದ ಭಾಗದಿಂದ ಬರಬೇಕಾದ ಮಾಹಿತಿಯಲ್ಲಿ ಶೇಕಡ 40ರಷ್ಟು ಮಾತ್ರ ಬರುತ್ತಿತ್ತು. ಮತ್ತೆ ಹಣ ಒದಗಿಸಿ ದುರಸ್ತಿ ಮಾಡಿಸಲಾಯಿತಾದರೂ ಕಳೆದುಹೋದ ತಿಂಗಳುಗಳ ಲೆಕ್ಕವನ್ನು ಯಾವ ಹಣವೂ ಮರಳಿಸಲಾರದು. ದಿನವಹಿಯಲ್ಲಿ ಬಿಟ್ಟುಹೋದ ಪುಟಗಳನ್ನು ಅಂದಾಜಿನಿಂದ ತುಂಬುವ ಗುಮಾಸ್ತನನ್ನು ಯಾವ ಲೆಕ್ಕಪರಿಶೋಧಕರು ಒಪ್ಪುವರು?

ನಮಗೆ ಇನ್ನೂ ಹತ್ತಿರದ ವಿಷಯ ಹಿಂದೂ ಮಹಾಸಾಗರದ್ದು. 1997ರ ಎಲ್ ನಿನೋ ಅತ್ಯಂತ ಪ್ರಬಲವಾಗಿದ್ದರೂ ಆ ವರ್ಷ ಭಾರತದ ಮುಂಗಾರು ಸಾಮಾನ್ಯವಾಗಿಯೇ ಇತ್ತು. ಇದಕ್ಕೊಂದು ಕಾರಣ 1999ರಲ್ಲಿ ತಿಳಿದುಬಂತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಕಾದು, ಸುಮಾತ್ರಾ ಕಡೆಯ ಭಾಗ ತಣ್ಣಗಾಗುವ ‘ದ್ವಿಧ್ರುವ’ ಸ್ಥಿತಿಯನ್ನು ವಿವರಿಸಿದ ಆ ಪ್ರಬಂಧದ ಕರ್ತೃಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ. ಎನ್. ಗೋಸ್ವಾಮಿಯವರೂ ಇದ್ದರು.

ಅನಂತರ ಹಲವು ದೇಶಗಳು ಕೂಡಿ 46 ತೇಲುಯಂತ್ರಗಳ ‘ರಾಮಾ’ ಜಾಲವನ್ನು ಯೋಜಿಸಿದವು. ಪಶ್ಚಿಮದಲ್ಲಿ ಸೊಮಾಲಿಯಾದ ಕಡಲ್ಗಳ್ಳರ ಹಾವಳಿ ಈ ಕೆಲಸವನ್ನು ಬಹಳ ಹಿಂದಕ್ಕೆ ತಳ್ಳಿತು. ಇನ್ನೊಂದು ತೊಂದರೆ ಮೀನುಗಾರಿಕೆಯದು: ತೇಲುಯಂತ್ರದ ನೆರಳಿನಲ್ಲಿ ಮೀನುಗಳು ಸೇರುವುದರಿಂದ ದೋಣಿಗಳು ಅದಕ್ಕೇ ಕಟ್ಟಿಕೊಂಡು ನಿಲ್ಲುತ್ತವೆ, ಉಪಕರಣ ಹಾಳಾಗುತ್ತದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರದಲ್ಲಿ ‘ಓಮ್ನಿ’ ಎಂಬ ತನ್ನದೇ ತೇಲುಯಂತ್ರಗಳನ್ನು ನಿಲ್ಲಿಸಿದೆ.

2019ರಲ್ಲಿ ದ್ವಿಧ್ರುವ ಪ್ರಬಲವಾಗಿ ಅನುಕೂಲಕರವಾಗಿತ್ತು. ಮಳೆ ವಾಡಿಕೆಯ ಶೇಕಡ 110ರಷ್ಟಾಯಿತು. 2023ರಲ್ಲಿ ಅದು ಅನುಕೂಲಕರವಾಗಿದ್ದರೂ ಎಲ್ ನಿನೋ ವರ್ಷದ ಕೊರತೆ ಪೂರ್ತಿ ನೀಗಲಿಲ್ಲ. ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಎರಡೂ ಸಾಗರಗಳ ಲೆಕ್ಕ ಹಲವು ದಶಕ ಅಖಂಡವಾಗಿ ದೊರೆತರೆ ಮಾತ್ರ ಇಂತಹ ವ್ಯತ್ಯಾಸದ ಕಾರಣ ಸ್ಪಷ್ಟವಾದೀತು.

ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಮುಂಗಾರಿನ ಮೊದಲ ಮುನ್ಸೂಚನೆಯನ್ನೂ ಮೇ ಕೊನೆಗೆ ಅದರ ಪರಿಷ್ಕೃತ ರೂಪವನ್ನೂ ಪ್ರಕಟಿಸುತ್ತದೆ. ಪತ್ರಿಕೆಗಳು ಎತ್ತಿ ಹೇಳುವ ಶೇಕಡಾವಾರು ಅಂಕಿಯ ಜೊತೆಗೆ ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ಸ್ಥಿತಿಯ ವಿವರವೂ ಅದರಲ್ಲಿರುತ್ತದೆ. ಹಂಗಾಮಿನ ಖರೀದಿಗೆ ಮುಂಗಡ ಕೊಡುವ ಮುನ್ನ ಸದಸ್ಯರು ಆ ಭಾಗವನ್ನೂ ಓದುವುದು ಒಳಿತು.