ದ್ವೀಪದ ಕಾವಲುಗಾರ

ಕಾಡನ್ನು ಕಾಯುವುದೆಂದರೆ ಮರಗಳ್ಳರನ್ನೂ ಬೇಟೆಗಾರರನ್ನೂ ತಡೆಯುವುದೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಆದರೆ ಮರಗಳ್ಳರಾಗಲಿ ಬೇಟೆಗಾರರಾಗಲಿ ಸುಳಿಯದ, ಮನುಷ್ಯವಾಸವೇ ಇಲ್ಲದ ದ್ವೀಪಕ್ಕೂ ಒಬ್ಬ ಕಾವಲುಗಾರ ಬೇಕಾಗುವುದುಂಟು. 1894ರಲ್ಲಿ ನ್ಯೂಜಿಲೆಂಡ್ ಸರ್ಕಾರವು ಅಂಥ ಒಂದು ದ್ವೀಪಕ್ಕೆ ರಿಚರ್ಡ್ ಹೆನ್ರಿ ಎಂಬಾತನನ್ನು ಪಾಲಕನನ್ನಾಗಿ ನೇಮಿಸಿತು. ಹಾರಲಾರದ ಹಕ್ಕಿಗಳನ್ನು ಅಳಿವಿನಿಂದ ಉಳಿಸುವುದು ಆತನಿಗೆ ವಹಿಸಿದ ಕೆಲಸವಾಗಿತ್ತು. ಹದಿನಾಲ್ಕು ವರ್ಷಗಳ ಕಾಲ ಆತನು ಆ ಕೆಲಸದಲ್ಲಿ ತೊಡಗಿದನು.

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನೈಋತ್ಯ ಅಂಚಿನಲ್ಲಿ ಫಿಯೋರ್ಡ್‌ಲ್ಯಾಂಡ್ ಎಂಬ ಪ್ರದೇಶವಿದೆ. ಹಿಂದೊಮ್ಮೆ ಹಿಮನದಿಗಳು ಕೊರೆದ ಆಳವಾದ ಕಣಿವೆಗಳಲ್ಲಿ ಸಮುದ್ರವು ಒಳನುಗ್ಗಿ, ಅಲ್ಲಿ ಉದ್ದುದ್ದನೆಯ ಕಡಲತೋಳುಗಳು ಉಂಟಾಗಿವೆ. ನೀರಿನ ಅಂಚಿನಿಂದಲೇ ಕಡಿದಾದ ಬೆಟ್ಟಗಳು ಮೇಲೇಳುತ್ತವೆ. ಅವುಗಳ ಮೈಯನ್ನು ದಟ್ಟವಾದ ಕಾಡು ಮುಚ್ಚಿಕೊಂಡಿದೆ. ಪಡುವಣ ಗಾಳಿ ಹೊತ್ತು ತರುವ ಮೋಡಗಳು ವರ್ಷವಿಡೀ ಅಲ್ಲಿ ಮಳೆಗರೆಯುತ್ತವೆ. ಈ ಕಡಲತೋಳುಗಳಲ್ಲಿ ಡಸ್ಕಿ ಸೌಂಡ್ ಎಂಬುದು ಒಂದು. 1773ರಲ್ಲಿ ಇಂಗ್ಲೆಂಡಿನ ನಾವಿಕ ಜೇಮ್ಸ್ ಕುಕ್ ತನ್ನ ಹಡಗನ್ನು ಇಲ್ಲಿ ಕೆಲವು ವಾರ ನಿಲ್ಲಿಸಿದ್ದನು. ಇಲ್ಲಿನ ಕಚ್ಚುವ ಸಣ್ಣ ನೊಣಗಳ ಕಾಟವನ್ನು ಅವನು ತನ್ನ ಬರಹದಲ್ಲಿ ಬಣ್ಣಿಸಿದ್ದಾನೆ. ಅವನ ಹಡಗಿನ ಹೆಸರನ್ನೇ ಹೊತ್ತಿರುವ ರೆಸೊಲ್ಯೂಷನ್ ದ್ವೀಪವು ಈ ಕಡಲತೋಳಿನ ಬಾಯಲ್ಲಿದೆ. ಅದರ ವಿಸ್ತೀರ್ಣ ಸುಮಾರು 200 ಚದರ ಕಿಲೋಮೀಟರು.

ಈ ದ್ವೀಪಕ್ಕೆ ಪಾಲಕನ ಅಗತ್ಯ ಏಕೆ ಬಂದಿತೆಂಬುದನ್ನು ಅರಿಯಬೇಕಾದರೆ ನ್ಯೂಜಿಲೆಂಡಿನ ಹಕ್ಕಿಗಳ ವಿಷಯವನ್ನು ಸ್ವಲ್ಪ ತಿಳಿಯಬೇಕು. ಮನುಷ್ಯನು ಕಾಲಿಡುವ ಮುನ್ನ ಆ ನಾಡಿನಲ್ಲಿ ಬಾವಲಿಗಳನ್ನು ಬಿಟ್ಟರೆ ನೆಲದ ಮೇಲೆ ವಾಸಿಸುವ ಸಸ್ತನಿಗಳೇ ಇರಲಿಲ್ಲ. ನೆಲದಲ್ಲಿ ಬೆನ್ನಟ್ಟುವ ವೈರಿಗಳಿಲ್ಲದ ಕಾರಣ ಹಲವು ಜಾತಿಯ ಹಕ್ಕಿಗಳು ಕಾಲಾಂತರದಲ್ಲಿ ಹಾರುವ ಶಕ್ತಿಯನ್ನು ಕಳೆದುಕೊಂಡವು. ಕೀವಿ ಅಂಥ ಒಂದು ಹಕ್ಕಿ, ಕಾಕಾಪೋ ಮತ್ತೊಂದು. ಮಾವೊರಿ ಭಾಷೆಯಲ್ಲಿ ಕಾಕಾಪೋ ಎಂದರೆ ಇರುಳಿನ ಗಿಳಿ ಎಂದರ್ಥ. ಇದು ಜಗತ್ತಿನ ಗಿಳಿಗಳಲ್ಲೆಲ್ಲ ಹೆಚ್ಚು ತೂಕವುಳ್ಳದ್ದು. ಗಂಡು ಹಕ್ಕಿ ನಾಲ್ಕು ಕಿಲೋಗ್ರಾಂವರೆಗೂ ತೂಗಬಲ್ಲದು. ಇದರ ಗರಿಗಳು ಪಾಚಿಯ ಹಸಿರು ಬಣ್ಣದವು. ಹಗಲಲ್ಲಿ ಅಡಗಿದ್ದು ರಾತ್ರಿ ಮೇಯುತ್ತದೆ. ಅಪಾಯದ ಸುಳಿವು ಸಿಕ್ಕಿದರೆ ಓಡದೆ ಇದ್ದಲ್ಲಿಯೇ ಅಲುಗಾಡದೆ ನಿಲ್ಲುತ್ತದೆ. ಆಕಾಶದಿಂದ ಕಣ್ಣಿಟ್ಟು ನೋಡುವ ಬೇಟೆಯ ಹಕ್ಕಿಗಳಿಗೆ ಅದು ಪಾಚಿಯ ಮುದ್ದೆಯಂತೆ ಕಾಣುತ್ತದೆ. ಆದರೆ ಅದರ ಮೈಗೆ ಗಾಢವಾದ ವಾಸನೆಯಿದೆ. ಮೂಗಿನಿಂದ ಬೇಟೆಯಾಡುವ ಪ್ರಾಣಿಯ ಎದುರು ಅಲುಗಾಡದೆ ನಿಲ್ಲುವುದು ಸಾವಿಗೆ ಮೈಯೊಡ್ಡಿದಂತೆಯೇ ಸರಿ.

ಅಂಥ ಪ್ರಾಣಿಯನ್ನು ಮನುಷ್ಯನೇ ಕರೆತಂದನು. ಯೂರೋಪಿನಿಂದ ಬಂದ ವಲಸೆಗಾರರು ಮೊದಲು ಮೊಲಗಳನ್ನು ತಂದು ಬಿಟ್ಟರು. ಮೊಲಗಳು ಬೇಗನೆ ವೃದ್ಧಿಯಾಗಿ ಕುರಿಗಳ ಹುಲ್ಲುಗಾವಲುಗಳನ್ನು ಬರಿದುಮಾಡಿದವು. ಮೊಲಗಳನ್ನು ಅಡಗಿಸಲೆಂದು 1880ರ ದಶಕದಲ್ಲಿ ಸ್ಟೋಟ್ ಎಂಬ ಪ್ರಾಣಿಯನ್ನು ತಂದು ಬಿಡಲಾಯಿತು. ಸ್ಟೋಟ್ ಮುಂಗುಸಿಗಿಂತ ಚಿಕ್ಕದು, ಸಪೂರ ಮೈಯುಳ್ಳದ್ದು. ಮರ ಹತ್ತಬಲ್ಲದು, ಈಜಬಲ್ಲದು. ಇದರಿಂದ ನೆಲದ ಹಕ್ಕಿಗಳಿಗೆ ಆಪತ್ತು ಬರುವುದೆಂದು ಬಲ್ಲವರು ಎಚ್ಚರಿಸಿದ್ದರು. ಆ ಮಾತನ್ನು ಅಧಿಕಾರದಲ್ಲಿದ್ದವರು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲವೇ ವರ್ಷಗಳಲ್ಲಿ ಎಚ್ಚರಿಕೆ ನಿಜವಾಯಿತು. ಆಗ ಉಳಿದಿದ್ದುದು ಒಂದೇ ದಾರಿ. ಸ್ಟೋಟ್ ತಲುಪದ ದ್ವೀಪವೊಂದಕ್ಕೆ ಹಕ್ಕಿಗಳನ್ನು ಸಾಗಿಸಬೇಕು. ಇದಕ್ಕಾಗಿ 1891ರಲ್ಲಿ ರೆಸೊಲ್ಯೂಷನ್ ದ್ವೀಪವನ್ನು ಮೀಸಲಿಡಲಾಯಿತು.

ಈ ಕೆಲಸಕ್ಕೆ ಆಯ್ಕೆಯಾದ ರಿಚರ್ಡ್ ಹೆನ್ರಿ ವಿಶ್ವವಿದ್ಯಾನಿಲಯದಲ್ಲಿ ಕಲಿತ ವಿಜ್ಞಾನಿಯಲ್ಲ. 1845ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಆಸ್ಟ್ರೇಲಿಯಕ್ಕೆ ಬಂದು, ಅಲ್ಲಿನ ಬಯಲು ಮತ್ತು ಕಾಡುಗಳಲ್ಲಿ ಬೆಳೆದವನು. ಮುಂದೆ ನ್ಯೂಜಿಲೆಂಡಿಗೆ ಬಂದು ಟೆ ಅನೌ ಸರೋವರದ ತೀರದಲ್ಲಿ ಹಲವು ವರ್ಷ ವಾಸಿಸಿದನು. ಮರಗೆಲಸ, ದೋಣಿ ಕಟ್ಟುವುದು, ಬೇಟೆ ಎಲ್ಲವನ್ನೂ ಬಲ್ಲವನಾಗಿದ್ದನು. ಸ್ಟೋಟ್‌ಗಳು ಬಂದ ಬಳಿಕ ಸರೋವರದ ಸುತ್ತಣ ಹಕ್ಕಿಗಳು ಒಂದೊಂದಾಗಿ ಕಾಣೆಯಾದುದನ್ನು ಆತನು ಕಣ್ಣಾರೆ ಕಂಡಿದ್ದನು. ನೇಮಕವಾದಾಗ ಆತನಿಗೆ ಐವತ್ತು ತುಂಬುವುದರಲ್ಲಿತ್ತು.

ಹೆನ್ರಿಯು ಮನೆ ಕಟ್ಟಿಕೊಂಡದ್ದು ರೆಸೊಲ್ಯೂಷನ್ ದ್ವೀಪದಲ್ಲಲ್ಲ. ಅದರ ಹತ್ತಿರದ ಪಿಜನ್ ಎಂಬ ಪುಟ್ಟ ದ್ವೀಪದಲ್ಲಿ. ಅಲ್ಲಿ ಒಂದು ಮರದ ಮನೆ, ದೋಣಿ ನಿಲ್ಲಿಸಲು ಒಂದು ಕೊಟ್ಟಿಗೆ, ಹಿಡಿದು ತಂದ ಹಕ್ಕಿಗಳನ್ನು ಇರಿಸಲು ಬೇಲಿ ಹಾಕಿದ ಆವರಣಗಳು ಎದ್ದು ನಿಂತವು. ಆರಂಭದ ವರ್ಷಗಳಲ್ಲಿ ಆಂಡ್ರ್ಯೂ ಬರ್ಟ್ ಎಂಬ ತರುಣನು ಸಹಾಯಕನಾಗಿದ್ದನು. ಹೊರಲೋಕದ ಸಂಪರ್ಕವೆಂದರೆ ಸರ್ಕಾರದ ಉಗಿಹಡಗು ಮಾತ್ರ. ಅದು ತಿಂಗಳುಗಳಿಗೊಮ್ಮೆ ಬಂದು ದಿನಸಿ ಸಾಮಾನುಗಳನ್ನೂ ಕಾಗದಪತ್ರಗಳನ್ನೂ ಕೊಟ್ಟು ಹೋಗುತ್ತಿತ್ತು. ಅದು ಬರುವುದು ತಡವಾದರೆ ಇದ್ದುದರಲ್ಲಿಯೇ ಕಾಲ ಕಳೆಯಬೇಕಾಗಿತ್ತು. ಕಾಯಿಲೆಯಾದರೆ ನೋಡುವ ವೈದ್ಯರು ಸಮೀಪದಲ್ಲೆಲ್ಲೂ ಇರಲಿಲ್ಲ.

ಪಾಲಕನ ದಿನದ ಕೆಲಸ ಹವೆಯನ್ನು ಅವಲಂಬಿಸಿತ್ತು. ಗಾಳಿ ಇಳಿದ ದಿನ ದೋಣಿ ಹೂಡಿ ಮುಖ್ಯ ಭೂಭಾಗದ ಕಾಡಿಗೆ ಹೋಗಬೇಕು. ಕಾಕಾಪೋ ಅಲುಗಾಡದೆ ಅಡಗುವ ಹಕ್ಕಿಯಾದುದರಿಂದ ಮನುಷ್ಯನ ಕಣ್ಣಿಗೆ ಅದು ಬೀಳುವುದು ಅಪರೂಪ. ಆದುದರಿಂದ ಹೆನ್ರಿಯು ನಾಯಿಯ ನೆರವು ಪಡೆದನು. ನಾಯಿಯು ಹಕ್ಕಿಯನ್ನು ಕಚ್ಚದಂತೆ ಅದರ ಮೂತಿಗೆ ಬಾಯಿಕುಕ್ಕೆ ಹಾಕುತ್ತಿದ್ದನು. ಪೊದೆಗಳ ನಡುವೆ ಅದು ಎಲ್ಲಿದೆಯೆಂದು ತಿಳಿಯಲು ಕೊರಳಿಗೆ ಗಂಟೆ ಕಟ್ಟುತ್ತಿದ್ದನು. ಯಾವ ವಾಸನೆಯ ಜಾಡು ಹಿಡಿದು ಸ್ಟೋಟ್ ಹಕ್ಕಿಯನ್ನು ಕೊಲ್ಲುತ್ತಿತ್ತೋ ಅದೇ ವಾಸನೆಯ ಜಾಡು ಹಿಡಿದು ಹೆನ್ರಿಯ ನಾಯಿ ಹಕ್ಕಿಯನ್ನು ಉಳಿಸಲು ನೆರವಾಗುತ್ತಿತ್ತು. ಸಿಕ್ಕ ಹಕ್ಕಿಯನ್ನು ಬೆನ್ನ ಮೇಲೆ ಹೊತ್ತು, ಜಾರುವ ಬೇರುಗಳನ್ನೂ ಬಿದ್ದ ಮರಗಳನ್ನೂ ದಾಟಿ, ದೋಣಿಯವರೆಗೆ ತರಬೇಕಾಗಿತ್ತು. ಪಿಜನ್ ದ್ವೀಪದ ಆವರಣದಲ್ಲಿ ಅದಕ್ಕೆ ಮೇವಿತ್ತು ಸುಧಾರಿಸಿ, ಬಳಿಕ ರೆಸೊಲ್ಯೂಷನ್ ದ್ವೀಪದ ಕಾಡಿಗೆ ಬಿಡಬೇಕಾಗಿತ್ತು. ಆರು ವರ್ಷಗಳಲ್ಲಿ ಹೀಗೆ ನೂರಾರು ಕಾಕಾಪೋ ಮತ್ತು ಕೀವಿಗಳು ಕಡಲು ದಾಟಿದವು.

ಬಿರುಗಾಳಿಯೂ ಮಳೆಯೂ ಹೊರಗೆ ಹೋಗಗೊಡದ ದಿನಗಳು ಬಹಳ. ಆ ದಿನಗಳೂ ವ್ಯರ್ಥವಾಗುತ್ತಿರಲಿಲ್ಲ. ದೋಣಿಯ ದುರಸ್ತಿ, ಅಡುಗೆ, ಸೌದೆ ಇವು ಇದ್ದೇ ಇದ್ದವು. ಇವೆಲ್ಲಕ್ಕಿಂತ ಮುಖ್ಯವಾದದ್ದು ಬರವಣಿಗೆ. ತಾನು ಕಂಡುದನ್ನು ಹೆನ್ರಿಯು ದಿನಚರಿಯಲ್ಲಿಯೂ ಪತ್ರಗಳಲ್ಲಿಯೂ ಬರೆದಿಡುತ್ತಿದ್ದನು. ಹೆಣ್ಣು ಕಾಕಾಪೋ ಒಂಟಿಯಾಗಿಯೇ ಕಾವು ಕೊಟ್ಟು ಮರಿಗಳನ್ನು ಸಾಕುತ್ತದೆ. ಎಲ್ಲ ವರ್ಷಗಳಲ್ಲಿಯೂ ಮೊಟ್ಟೆಯಿಡುವುದಿಲ್ಲ. ಇಂಥ ಸಂಗತಿಗಳನ್ನು ಆತನು ಶ್ರದ್ಧೆಯಿಂದ ಗುರುತಿಸಿದನು. ಹಾರಲಾರದ ಹಕ್ಕಿಗಳ ಜೀವನಕ್ರಮವನ್ನು ಕುರಿತ ಆತನ ಪುಸ್ತಕವು 1903ರಲ್ಲಿ ಪ್ರಕಟವಾಯಿತು. ಗಂಡು ಕಾಕಾಪೋಗಳು ಬೆಟ್ಟದ ಏಣಿನಲ್ಲಿ ಬಟ್ಟಲಿನಾಕಾರದ ಗುಳಿ ತೋಡಿ, ಅದರಲ್ಲಿ ಕುಳಿತು, ಹಲವು ಕಿಲೋಮೀಟರು ಕೇಳುವಂತೆ ನಗಾರಿಯ ದನಿಯನ್ನು ಹೊರಡಿಸುತ್ತವೆ. ರಿಮು ಎಂಬ ಮರದಂಥ ಕಾಡುಮರಗಳು ಹೇರಳವಾಗಿ ಹಣ್ಣು ಬಿಡುವ ವರ್ಷಗಳಲ್ಲಿ ಮಾತ್ರ ಅವು ಸಂತಾನವನ್ನು ಪಡೆಯುತ್ತವೆಂದು ಈಗ ತಿಳಿದಿದೆ. ಎರಡರಿಂದ ನಾಲ್ಕು ವರ್ಷಗಳಿಗೊಮ್ಮೆ ಮಾತ್ರ ಮರಿ ಮಾಡುವ ಹಕ್ಕಿಯು ತನ್ನ ನಷ್ಟವನ್ನು ಬೇಗ ತುಂಬಿಕೊಳ್ಳಲಾರದು. ಒಂದೊಂದು ಹಕ್ಕಿಯೂ ಅಮೂಲ್ಯವಾಗುವುದು ಈ ಕಾರಣದಿಂದ.

1900ರಲ್ಲಿ ಒದಗಬಾರದ ಆಪತ್ತು ಒದಗಿತು. ಪ್ರವಾಸಿಗರ ಹಡಗೊಂದು ಆ ಕಡೆ ಬಂದಿದ್ದಾಗ, ರೆಸೊಲ್ಯೂಷನ್ ದ್ವೀಪದ ದಡದಲ್ಲಿ ಸಪೂರ ಮೈಯ ಪ್ರಾಣಿಯೊಂದು ಹಕ್ಕಿಯನ್ನು ಅಟ್ಟಿಕೊಂಡು ಹೋಗುತ್ತಿದ್ದುದನ್ನು ಕಂಡವರು ಹೇಳಿದರು. ಹೆನ್ರಿಗೆ ಮೊದಲು ನಂಬಿಕೆಯಾಗಲಿಲ್ಲ. ಕೆಲವು ತಿಂಗಳ ಬಳಿಕ ಆತನೇ ಸ್ಟೋಟನ್ನು ಕಂಡನು. ಮುಖ್ಯ ಭೂಭಾಗಕ್ಕೂ ದ್ವೀಪಕ್ಕೂ ನಡುವಣ ನೀರು ಅತಿ ಕಿರಿದಾದ ಕಡೆಯಲ್ಲಿ ಸುಮಾರು ಅರ್ಧ ಕಿಲೋಮೀಟರು ಮಾತ್ರ. ಸ್ಟೋಟ್ ಅದಕ್ಕಿಂತ ಹೆಚ್ಚು ದೂರ ಈಜಬಲ್ಲದೆಂಬುದು ಆಗ ತಿಳಿದಿರಲಿಲ್ಲ. ರಕ್ಷಣೆಗೆಂದು ಹೊತ್ತು ತಂದ ಹಕ್ಕಿಗಳು ಈಗ ವೈರಿಯೊಡನೆ ಒಂದೇ ದ್ವೀಪದಲ್ಲಿ ಸಿಕ್ಕಿಕೊಂಡಿದ್ದವು. ಅಷ್ಟು ವಿಸ್ತಾರವಾದ ಕಾಡಿನಲ್ಲಿ ಸ್ಟೋಟ್‌ಗಳನ್ನು ಹುಡುಕಿ ತೆಗೆಯುವುದು ಒಬ್ಬ ಮನುಷ್ಯನ ಅಳವಿಗೆ ಮೀರಿದ್ದಾಗಿತ್ತು. ಆರು ವರ್ಷಗಳ ದುಡಿಮೆಯು ನೀರುಪಾಲಾಗುವುದನ್ನು ಆತನು ನೋಡಬೇಕಾಯಿತು.

ಆದರೂ ಹೆನ್ರಿಯು ಕೂಡಲೇ ಕೆಲಸ ಬಿಟ್ಟು ಹೋಗಲಿಲ್ಲ. 1908ರವರೆಗೂ ಅಲ್ಲಿಯೇ ಉಳಿದನು. ಬಳಿಕ ಕೆಲವು ವರ್ಷ ಕಾಪಿಟಿ ಎಂಬ ಮತ್ತೊಂದು ದ್ವೀಪದ ಪಾಲಕನಾಗಿದ್ದು, 1929ರಲ್ಲಿ ಆಕ್ಲೆಂಡ್ ನಗರದಲ್ಲಿ ತೀರಿಕೊಂಡನು. ತನ್ನ ಪ್ರಯತ್ನವು ಫಲ ಕೊಡುವುದನ್ನು ಕಾಣುವ ಭಾಗ್ಯ ಆತನಿಗೆ ದೊರೆಯಲಿಲ್ಲ.

ಮುಂದೆ ಕಾಕಾಪೋ ಅಳಿದೇಹೋಯಿತೇನೋ ಎನ್ನುವ ಸ್ಥಿತಿ ಬಂದಿತು. 1975ರಲ್ಲಿ ಫಿಯೋರ್ಡ್‌ಲ್ಯಾಂಡಿನ ಕಣಿವೆಯೊಂದರಲ್ಲಿ ಒಂದು ಗಂಡು ಹಕ್ಕಿ ಸಿಕ್ಕಿತು. ಹುಡುಕಿದವರು ಅದಕ್ಕೆ ರಿಚರ್ಡ್ ಹೆನ್ರಿ ಎಂದೇ ಹೆಸರಿಟ್ಟರು. 1977ರಲ್ಲಿ ಸ್ಟೂವರ್ಟ್ ದ್ವೀಪದಲ್ಲಿ ಇನ್ನಷ್ಟು ಹಕ್ಕಿಗಳು ಪತ್ತೆಯಾದವು; ಅವುಗಳಲ್ಲಿ ಹೆಣ್ಣುಗಳೂ ಇದ್ದವು. ಅಲ್ಲಿ ಬೆಕ್ಕುಗಳು ಅವನ್ನು ಕೊಲ್ಲುತ್ತಿದ್ದುದರಿಂದ, ವೈರಿಗಳಿಲ್ಲದ ಸಣ್ಣ ದ್ವೀಪಗಳಿಗೆ ಅವನ್ನು ಸಾಗಿಸಲಾಯಿತು. ಹೆನ್ರಿಯು ಹಿಡಿದ ದಾರಿಯೇ ಮತ್ತೆ ಆಸರೆಯಾಯಿತು. ಆದರೆ ಈ ಸಲ ದ್ವೀಪವನ್ನು ಆರಿಸುವಾಗ ವೈರಿಗಳು ಈಜಿ ಬರಬಲ್ಲ ದೂರವನ್ನು ಲೆಕ್ಕಹಾಕಿದರು. ರಿಚರ್ಡ್ ಹೆನ್ರಿ ಎಂಬ ಹಕ್ಕಿಗೆ 1998ರಲ್ಲಿ ಮೂರು ಮರಿಗಳಾದವು. ಫಿಯೋರ್ಡ್‌ಲ್ಯಾಂಡಿನ ಹಕ್ಕಿಗಳ ವಂಶವು ಆ ಮರಿಗಳ ಮೂಲಕ ಉಳಿಯಿತು. ಹಕ್ಕಿಯು 2010ರ ಡಿಸೆಂಬರಿನಲ್ಲಿ ಸತ್ತಿತು. 1995ರಲ್ಲಿ ಜಗತ್ತಿನಲ್ಲಿದ್ದ ಕಾಕಾಪೋಗಳು ಕೇವಲ 51. 2022ರಲ್ಲಿ ಆ ಸಂಖ್ಯೆ 252ಕ್ಕೆ ಏರಿತು.

ಇಂದಿನ ದ್ವೀಪಪಾಲಕರು ಸರದಿಯ ಮೇಲೆ ಕೆಲವು ವಾರ ದ್ವೀಪದಲ್ಲಿದ್ದು ಮರಳುತ್ತಾರೆ. ಹೊರಡುವ ಮುನ್ನ ಚೀಲ, ಬೂಟು, ಬಟ್ಟೆ, ಆಹಾರ ಎಲ್ಲವನ್ನೂ ಬಿಡಿಸಿ ಪರೀಕ್ಷಿಸುತ್ತಾರೆ. ಒಂದು ಕಳೆಯ ಬೀಜವಾಗಲಿ ಒಂದು ಇಲಿಯಾಗಲಿ ದ್ವೀಪವನ್ನು ಸೇರಬಾರದು. ಪ್ರತಿಯೊಂದು ಹಕ್ಕಿಗೂ ಹೆಸರಿದೆ, ಬೆನ್ನಿನ ಮೇಲೆ ಪುಟ್ಟ ರೇಡಿಯೋ ಉಪಕರಣವಿದೆ. ಪಾಲಕರು ಅದರ ಸಂಕೇತವನ್ನು ಅನುಸರಿಸಿ ಬೆಟ್ಟ ಹತ್ತುತ್ತಾರೆ. ಹಕ್ಕಿಯನ್ನು ಹಿಡಿದು ತೂಗಿ, ಆರೋಗ್ಯವನ್ನು ನೋಡಿ, ಮತ್ತೆ ಬಿಡುತ್ತಾರೆ. ಮರಿ ಮಾಡುವ ವರ್ಷದಲ್ಲಿ ಗೂಡುಗಳ ಮೇಲೆ ಕಣ್ಣಿಟ್ಟು, ಅಗತ್ಯಬಿದ್ದರೆ ಮೊಟ್ಟೆಗಳಿಗೆ ಯಂತ್ರದ ಕಾವು ಕೊಡುತ್ತಾರೆ. ಉಪಕರಣಗಳು ಬದಲಾಗಿವೆ, ಮಳೆ, ಕೆಸರು, ಕಡಿದಾದ ದಾರಿ, ಏಕಾಂತ ಬದಲಾಗಿಲ್ಲ.

ಒಂದು ಕೆಲಸವು ಗೆದ್ದಿತೋ ಸೋತಿತೋ ಎಂಬುದು ಅದನ್ನು ಮಾಡಿದವನ ಆಯುಷ್ಯದಲ್ಲಿಯೇ ತೀರ್ಮಾನವಾಗಬೇಕೆಂಬ ನಿಯಮವಿಲ್ಲ. ಹೆನ್ರಿಯು ಕಡಲು ದಾಟಿಸಿದ ಹಕ್ಕಿಗಳು ಆ ದ್ವೀಪದಲ್ಲಿ ಉಳಿಯಲಿಲ್ಲ. ಆದರೆ ಹಕ್ಕಿಗಳನ್ನು ದ್ವೀಪಕ್ಕೆ ಸಾಗಿಸಿ ಉಳಿಸಬಹುದೆಂಬ ದಾರಿಯೂ, ಆತನು ಮಳೆಯ ದಿನಗಳಲ್ಲಿ ಬರೆದಿಟ್ಟ ತಿಳಿವಳಿಕೆಯೂ ಉಳಿದವು. 2008ರಲ್ಲಿ ರೆಸೊಲ್ಯೂಷನ್ ದ್ವೀಪದ ಉದ್ದಗಲಕ್ಕೂ ಸ್ಟೋಟ್‌ಗಳನ್ನು ಹಿಡಿಯುವ ಬೋನುಗಳನ್ನು ಇಡುವ ಕೆಲಸ ಮೊದಲಾಯಿತು. ಅದಕ್ಕೂ ಮುಂಚೆ, 2005ರಲ್ಲಿ, ಅದೇ ಡಸ್ಕಿ ಸೌಂಡಿನ ಆಂಕರ್ ದ್ವೀಪಕ್ಕೆ ಕಾಕಾಪೋಗಳನ್ನು ತಂದು ಬಿಡಲಾಯಿತು. ಹೆನ್ರಿಯ ದೋಣಿ ಓಡಾಡುತ್ತಿದ್ದ ಆ ನೀರಿನ ಮೇಲೆ, ನೂರು ವರ್ಷಗಳ ತರುವಾಯ, ಇರುಳಿನ ಗಿಳಿಯ ನಗಾರಿ ಮತ್ತೆ ಕೇಳಿಬಂದಿತು.